ಕ್ರೇನ್ ನಿಂತಿದ್ದ ಮಡ್ಡಿಯಲ್ಲಿ ಮತ್ತೆ ಹುಲ್ಲು

ನಮ್ಮ ಹೊಲ ಇರುವುದು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಸೆರಗಿನಲ್ಲಿ. ಕೆಳಗೆ ಎರೆ, ಅಂದರೆ ಕಪ್ಪು ಮಣ್ಣಿನ ಹೊಲ. ಮೇಲೆ ಮಡ್ಡಿ, ಅಂದರೆ ಕಲ್ಲು ತುಂಬಿದ ತೆಳು ಮಣ್ಣಿನ ಇಳಿಜಾರು. ಎರೆಯಲ್ಲಿ ಜೋಳ, ಕಡಲೆ ಬೆಳೆಯುತ್ತೇವೆ. ಮಡ್ಡಿ ಮಾತ್ರ ಅಜ್ಜನ ಕಾಲದಿಂದಲೂ ಹುಲ್ಲಿಗೇ ಮೀಸಲು. ಆ ಹುಲ್ಲಿನ ಇಳಿಜಾರಿನಲ್ಲಿ ಗಾಳಿಯಂತ್ರದ ಕಂಪನಿಯೊಂದು ಕಂಬ ನಿಲ್ಲಿಸಿತು. ಕಂಬದ ಬುಡ ಮತ್ತು ಕಾಯಂ ದಾರಿ ಅವರ ಸುಪರ್ದಿಯಲ್ಲೇ ಉಳಿದವು. ಕ್ರೇನ್ ನಿಲ್ಲಿಸಲು, ರೆಕ್ಕೆಗಳನ್ನು ಇಳಿಸಿಡಲು ತಾತ್ಕಾಲಿಕವಾಗಿ ಪಡೆದಿದ್ದ 1 ಎಕರೆ 30 ಗುಂಟೆ 2022ರ ಮಾರ್ಚ್‌ನಲ್ಲಿ ನಮ್ಮ ಕೈಗೆ ಮರಳಿತು.

ಆ ತುಂಡಿನಲ್ಲಿ ಮೊದಲಿದ್ದ ಹುಲ್ಲನ್ನೇ ಮತ್ತೆ ತರಲು ಮೂರೂವರೆ ವರ್ಷ ಏನೇನು ಮಾಡಿದೆವು, ಎಲ್ಲಿ ತಪ್ಪಿದೆವು ಎಂಬುದನ್ನು ನೋಟ್‌ಬುಕ್ಕಿನಿಂದ ತೆಗೆದು ಇಲ್ಲಿ ಬರೆಯುತ್ತಿದ್ದೇನೆ. ಗದಗ, ಚಿತ್ರದುರ್ಗ, ಹಾವೇರಿ, ಕೊಪ್ಪಳದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಇನ್ನೂ ಏಳುತ್ತಲೇ ಇವೆ. ಇಂಥ ಜಾಗ ಮರಳಿ ಬಂದಾಗ ಏನು ಮಾಡಬೇಕು ಎಂದು ನನ್ನನ್ನು ಕೇಳಿದವರು ಕಡಿಮೆಯೇನಲ್ಲ.

ಮಾರ್ಚ್ 2022: ಸರಳು ಮತ್ತು ಡಬ್ಬಿ

ಮೊದಲ ದಿನ ಎರಡೇ ವಸ್ತು ಹಿಡಿದು ಹೋದೆ. ಒಂದು ತುದಿ ಚೂಪು ಮಾಡಿದ ಮೂರು ಅಡಿಯ ಕಬ್ಬಿಣದ ಸರಳು. ಇನ್ನೊಂದು ತಳ ಕತ್ತರಿಸಿದ ಎಣ್ಣೆ ಡಬ್ಬಿ.

ಪಕ್ಕದಲ್ಲೇ, ಯಂತ್ರದ ಗಾಲಿ ಮುಟ್ಟದ ನಮ್ಮದೇ ಹುಲ್ಲಿನ ಇಳಿಜಾರು ಇದೆ. ಅಲ್ಲಿ ಮೈಭಾರ ಹಾಕಿ ಒತ್ತಿದರೆ ಸರಳು ಒಂದು ಗೇಣು ಇಳಿಯಿತು. ಕ್ರೇನ್ ನಿಂತಿದ್ದ ಜಾಗದಲ್ಲಿ ಎರಡು ಬೆರಳು ಇಳಿದು ಠಣ್ ಎಂದು ನಿಂತಿತು. ಡಬ್ಬಿಯನ್ನು ನೆಲಕ್ಕೆ ಒತ್ತಿ, ಸುತ್ತ ಹಸಿಮಣ್ಣು ಮೆತ್ತಿ, ಒಂದು ಲೀಟರ್ ನೀರು ಸುರಿದೆ. ಹುಲ್ಲಿನ ನೆಲ ಅದನ್ನು ಆರು ನಿಮಿಷದಲ್ಲಿ ಕುಡಿಯಿತು. ಕ್ರೇನಿನ ಜಾಗದಲ್ಲಿ ಒಂದು ಗಂಟೆ ಕಳೆದ ಮೇಲೂ ಡಬ್ಬಿಯಲ್ಲಿ ನೀರು ನಿಂತಿತ್ತು. ಈ ಎರಡು ಅಳತೆಗಳೇ ಮುಂದಿನ ಎಲ್ಲ ಕೆಲಸಕ್ಕೂ ದಾರಿ ತೋರಿದವು. ನೀರು ಇಳಿಯದ ನೆಲಕ್ಕೆ ಯಾವ ಬೀಜ ಚೆಲ್ಲಿದರೂ ಅದು ಹಕ್ಕಿಗೆ ಕಾಳು ಹಾಕಿದಂತೆಯೇ.

ಮೇಲ್ಮೈಯಲ್ಲಿ ಹೊರಗಿನಿಂದ ತಂದ ಗರಸು (ಕಲ್ಲು ಬೆರೆತ ಮಣ್ಣು), ಅದರ ಮೇಲೆ ಖಡಿ (ಜಲ್ಲಿ), ಎರಡೂ ಸೇರಿ ಮುಕ್ಕಾಲು ಅಡಿ ದಪ್ಪ ಇತ್ತು. ಕ್ರೇನಿನ ಕಾಲು ಹೂಳಬಾರದೆಂದು ರೋಲರ್ ಹೊಡೆದು ಗಟ್ಟಿ ಮಾಡಿದ್ದರು. ಜಾಗದ ತಗ್ಗಿನ ಅಂಚಿನಲ್ಲಿ ಆಳೆತ್ತರದ ಮಣ್ಣಿನ ದಿಬ್ಬ. ಬುನಾದಿ ಅಗೆದಾಗ ಬಂದದ್ದು, ನೆಲ ಮಟ್ಟ ಮಾಡಿದಾಗ ಕೆರೆದದ್ದು ಎಲ್ಲವನ್ನೂ ಒಂದೇ ಕಡೆ ತಳ್ಳಿದ್ದರು.

ಏಪ್ರಿಲ್: ಕಟ್ಟೆಯ ಮೇಲೆ ಒಂಬತ್ತು ಡಬ್ಬಿ

ಆ ದಿಬ್ಬದೊಳಗೆ ಎಲ್ಲೋ ನಮ್ಮ ಮಡ್ಡಿಯ ಮೇಲ್ಮಣ್ಣು ಇದೆ ಎಂಬುದು ಗೊತ್ತಿತ್ತು. ಇಂಥ ನೆಲದಲ್ಲಿ ಮೇಲಿನ ಒಂದು ಗೇಣು ಮಣ್ಣೇ ಎಲ್ಲ. ಬೀಜ, ಬೇರಿನ ತುಂಡು, ಕೊಳೆತ ಹುಲ್ಲು, ಸೂಕ್ಷ್ಮಜೀವಿಗಳು ಇರುವುದು ಅಲ್ಲಿಯೇ. ಅದರ ಕೆಳಗಿನದು ಹಳದಿ ಗರಸು, ಕಲ್ಲು. ಆದರೆ ದಿಬ್ಬದ ಯಾವ ಭಾಗ ಯಾವುದು ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಮೇಲೆಲ್ಲ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ ಕಳೆ, ಒಣಗಿ ನಿಂತಿತ್ತು.

ದಿಬ್ಬದ ಒಂಬತ್ತು ಕಡೆಯಿಂದ ಒಂದೊಂದು ಡಬ್ಬಿ ಮಣ್ಣು ತೆಗೆದು, ಡಬ್ಬಿಗೆ ಸುಣ್ಣದಿಂದ ಗುರುತು ಹಾಕಿ, ಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ದಿನಕ್ಕೆರಡು ಸಲ ನೀರು ಚಿಮುಕಿಸುವ ಕೆಲಸ ಅವ್ವನದು. ಹತ್ತು ದಿನದೊಳಗೆ ನಾಲ್ಕು ಡಬ್ಬಿಗಳಲ್ಲಿ ಕಾಂಗ್ರೆಸ್ ಕಸ ಮೊಳೆಯಿತು. ಮೂರರಲ್ಲಿ ಏನೂ ಬರಲಿಲ್ಲ, ಅವು ಬುನಾದಿಯ ಆಳದ ಮಣ್ಣು. ಉಳಿದ ಎರಡರಲ್ಲಿ, ಅಂದರೆ ದಿಬ್ಬದ ಪಶ್ಚಿಮ ತುದಿಯ ತಳದಿಂದ ತೆಗೆದವುಗಳಲ್ಲಿ, ಹುಲ್ಲಿನ ಸೂಜಿಯಂಥ ಎಲೆಗಳು ಎದ್ದವು. ಜೊತೆಗೆ ಒಂದು ಕೊಗ್ಗಿಯ ಗಿಡ. ಅವ್ವ ಕೊಗ್ಗಿಯ ಎಲೆಯನ್ನು ಚಿವುಟಿ ಎಳೆದಳು. ಅದು ಬಾಣದ ತುದಿಯಂತೆ ಹರಿಯಿತು. “ಇದು ನಮ್ಮ ಮಡ್ಡಿಯ ಮಣ್ಣೇ” ಎಂದಳು.

ಹೀಗೆ ದಿಬ್ಬದ ಸುಮಾರು ಐದನೆಯ ಒಂದು ಭಾಗ ಮೇಲ್ಮಣ್ಣು ಎಂದು ಗೊತ್ತಾಯಿತು. ಅದನ್ನು ಬೇರೆಯಾಗಿಯೇ ಎತ್ತಿಸಿದೆ. ಇಡೀ ಜಾಗಕ್ಕೆ ಅದು ಸಾಲುವುದಿಲ್ಲ. ಒಂದು ಬೆರಳು ದಪ್ಪಕ್ಕೆ ಎಲ್ಲ ಕಡೆ ಹರಡುವುದಕ್ಕಿಂತ ಅಲ್ಲಲ್ಲಿ ಪಟ್ಟೆಯಾಗಿ ಒಂದು ಗೇಣು ಹಾಕುವುದು ಸರಿ ಎನಿಸಿತು. ಇಂದಿಗೂ ಆ ಪಟ್ಟೆಗಳನ್ನು ದೂರದಿಂದಲೇ ಗುರುತಿಸಬಹುದು, ಹುಲ್ಲು ಅಷ್ಟು ಎತ್ತರ.

ಖಡಿಯನ್ನು ಜೆಸಿಬಿಯಿಂದ ಕೆರೆದು ತೆಗೆಸಿದೆವು. ಊರ ದಾರಿಯ ಗುಂಡಿಗಳಿಗೆ ಅದು ಹೋಯಿತು.

ಏಪ್ರಿಲ್ ಕೊನೆಯ ವಾರ: ನೆಲ ಬಿಚ್ಚುವುದು

ಗಟ್ಟಿಯಾದ ನೆಲವನ್ನು ಒಣಗಿದ್ದಾಗಲೇ ಸೀಳಬೇಕು. ಹಸಿಯಾಗಿದ್ದರೆ ಉಕ್ಕಿನ ಹಲ್ಲು ಮಣ್ಣನ್ನು ಒಡೆಯುವ ಬದಲು ಸಾರಿಸಿದಂತೆ ನುಣ್ಣಗೆ ಮಾಡಿಬಿಡುತ್ತದೆ. ಮೊದಲು ಟ್ರ್ಯಾಕ್ಟರ್ ಕರೆಸಿದ್ದೆ. ಅದರ ಹಲ್ಲುಗಳು ಅರ್ಧ ಅಡಿ ಇಳಿಯುವಷ್ಟರಲ್ಲಿ ಒಂದು ಬಾಗಿತು. ಚಾಲಕ ಇಳಿದು ಕೈಮುಗಿದು ಹೋದ. ಆಮೇಲೆ ಜೆಸಿಬಿಗೆ ಒಂದೇ ಹಲ್ಲಿನ ರಿಪ್ಪರ್ ಹಾಕಿಸಿ, ಗಂಟೆಗೆ 1,200 ರೂಪಾಯಿಯಂತೆ ಒಂಬತ್ತು ಗಂಟೆ ಕೆಲಸ ಮಾಡಿಸಿದೆವು. ಒಂದೂವರೆ ಅಡಿ ಆಳ, ಸಾಲಿನಿಂದ ಸಾಲಿಗೆ ಮೂರು ಅಡಿ ಅಂತರ.

ಸೀಳುವ ಗೆರೆ ಇಳಿಜಾರಿಗೆ ಅಡ್ಡವಾಗಿ, ಸಮಪಾತಳಿಯಲ್ಲೇ ಇರಬೇಕು. ಇಳಿಜಾರಿನ ಉದ್ದಕ್ಕೆ ಸೀಳಿದರೆ ಪ್ರತಿ ಗೆರೆಯೂ ಮೊದಲ ಮಳೆಗೇ ಹಳ್ಳವಾಗುತ್ತದೆ. ಮಟ್ಟ ಹಿಡಿಯಲು ಗೌಂಡಿಯವರ ಲೆವೆಲ್ ಪೈಪ್ ಬಳಸಿದೆವು. ಒಂದು ತುದಿ ನಾನು, ಇನ್ನೊಂದು ತುದಿ ಮಗಳು. ನೀರು ಎರಡೂ ಕಡೆ ಸಮನಾದಲ್ಲಿ ಸುಣ್ಣದ ಚುಕ್ಕೆ. ಎರಡು ದಿನ ಹಿಡಿಯಿತು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಗಾಳಿಯಂತ್ರದಿಂದ ಹೊರಡುವ ವಿದ್ಯುತ್ ಕೇಬಲ್ ನೆಲದಡಿಯಲ್ಲಿ ಇರಬಹುದು, ಅದರಲ್ಲಿ ಸಾವಿರಾರು ವೋಲ್ಟ್ ಹರಿಯುತ್ತಿರುತ್ತದೆ. ಅದರ ದಾರಿಯನ್ನು ಕಂಪನಿಯವರಿಂದ ಸ್ಥಳದಲ್ಲೇ ಗುರುತು ಹಾಕಿಸಿಕೊಳ್ಳದೆ ಯಾವ ಯಂತ್ರವನ್ನೂ ಇಳಿಸಬಾರದು. ನಮ್ಮಲ್ಲಿ ಕಾಗದದ ನಕ್ಷೆ ತೋರಿಸಿದ ದಾರಿಗೂ ನೆಲದಲ್ಲಿದ್ದ ದಾರಿಗೂ ಎರಡು ಮಾರು ವ್ಯತ್ಯಾಸ ಇತ್ತು. ಗುರುತಿನ ಎರಡೂ ಬದಿ ಎರಡೆರಡು ಮೀಟರ್ ಬಿಟ್ಟು, ಆ ಪಟ್ಟಿಯನ್ನು ಸೀಳದೆ ಮೇಲ್ಮಣ್ಣು ಹೊದಿಸಿದೆವು, ಅಷ್ಟೇ.

ಜೂನ್–ಆಗಸ್ಟ್ 2022: ಗಾಳಿ ಒಯ್ದದ್ದು

ಬೀಜ ಎಲ್ಲಿಂದ? ಅಂಗಡಿಯಲ್ಲಿ ಸಿಗುವುದು ಮೇವಿನ ಬೀಜ. ಸ್ಟೈಲೋ, ಗಿನಿ ಹುಲ್ಲು ಇವು ಹೊಲದ ಬದುವಿಗೆ ಒಳ್ಳೆಯವೇ. ಆದರೆ ನಮಗೆ ಬೇಕಿದ್ದುದು ಈ ಮಡ್ಡಿಯದೇ ಹುಲ್ಲು. ಮನೆಯ ಬಣವೆಯ ತಳದಲ್ಲಿ ಹಿಂದಿನ ವರ್ಷದ ಹುಲ್ಲಿನಿಂದ ಉದುರಿದ ಬೀಜ, ಹೊಟ್ಟು ಸೇರಿ ಒಂದು ಪದರವಾಗಿರುತ್ತದೆ. ಅದನ್ನೆಲ್ಲ ಗುಡಿಸಿ ಐದು ಚೀಲ ಮಾಡಿದೆ. ಕಾರಹುಣ್ಣಿಮೆಯ ಮರುದಿನ, ಮೃಗಶಿರ ಮಳೆಗೆ ನೆಲ ನೆನೆದಿದ್ದಾಗ ಚೆಲ್ಲಿ, ಮೇಲೆ ಹುಲ್ಲು ಹೊದಿಸಿದೆವು.

ಗಾಳಿಯಂತ್ರ ನಿಲ್ಲಿಸಿದ ಜಾಗ ಎಂದರೆ ಗಾಳಿ ಬೀಸುವ ಜಾಗ ಎಂದೇ ಅರ್ಥ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಮಾರುತ ನಮ್ಮ ಗುಡ್ಡವನ್ನು ಬಡಿಯುವ ತಿಂಗಳುಗಳು, ಯಂತ್ರಗಳು ಹೆಚ್ಚು ವಿದ್ಯುತ್ ಕೊಡುವುದೂ ಆಗಲೇ. ಇದು ಮೊದಲೇ ಹೊಳೆಯಬೇಕಿತ್ತು. ಆರಿದ್ರ ಮಳೆ ಮುಗಿಯುವಷ್ಟರಲ್ಲಿ ಹೊದಿಸಿದ ಹುಲ್ಲು ಬೇಲಿಗೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಹಗುರ ಬೀಜವೆಲ್ಲ ಅದರ ಜೊತೆ ಹೋಗಿತ್ತು. ಉಳಿದದ್ದಕ್ಕೆ ಇರುವೆಗಳು ಬಂದವು. ಅವುಗಳ ಗೂಡಿನ ಬಾಯಿಯ ಸುತ್ತ ಹುಲ್ಲುಬೀಜದ ಸಿಪ್ಪೆ ಬಳೆಯಂತೆ ದುಂಡಗೆ ಬಿದ್ದಿತ್ತು. ಬೆರಳಿನಿಂದ ಕೆದಕಿ ನೋಡಿದೆ. ಸಿಪ್ಪೆ ಎಲ್ಲ ಖಾಲಿ, ಕಾಳು ಒಳಗೆ ಸೇರಿತ್ತು.

ಆ ವರ್ಷ ಮಳೆ ಜೋರು. ಸೀಳಿದ ಗೆರೆಗಳು ನೀರನ್ನು ಚೆನ್ನಾಗಿಯೇ ಹಿಡಿದವು. ಅದು ಸಮಾಧಾನದ ಮಾತು. ಆದರೆ ಬಿಚ್ಚಿದ ಬೆತ್ತಲೆ ನೆಲ, ಮೇಲೆ ಮಳೆ, ಬೀಜ ಇಲ್ಲ. ಪುನರ್ವಸು ಮಳೆಯ ಹೊತ್ತಿಗೆ ಇಡೀ ಜಾಗ ಕಾಂಗ್ರೆಸ್ ಕಸದಿಂದ ಹಸಿರಾಯಿತು. ದಾರಿಯಲ್ಲಿ ಹೋಗುವವರು “ನಿಮ್ಮ ಜಾಗ ಚಿಗುರಿತಲ್ಲ” ಎನ್ನುತ್ತಿದ್ದರು, ನನಗೆ ಹೊಟ್ಟೆ ಉರಿಯುತ್ತಿತ್ತು.

ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುನ್ನವೇ ಬೇರುಸಹಿತ ಕೀಳಬೇಕು. ಒಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಮೊಳೆತು ತಿಂಗಳು ಕಳೆದರೆ ಹೂವಿಗೆ ಬರುತ್ತದೆ. ಕೈಗೆ ಗವಸು, ಮುಖಕ್ಕೆ ಬಟ್ಟೆ ಕಡ್ಡಾಯ. ಬರಿಗೈಯಲ್ಲಿ ಕಿತ್ತ ನನ್ನ ತಮ್ಮನ ಮುಂಗೈ ವಾರಗಟ್ಟಲೆ ಕೆರೆತದಿಂದ ಕೆಂಪಾಗಿತ್ತು. ಆ ಮಳೆಗಾಲ ಮೂರು ಸಲ ಕಿತ್ತೆವು, ಒಟ್ಟು 34 ಆಳು. ಇಡೀ ಯೋಜನೆಯಲ್ಲಿ ಹೆಚ್ಚು ಖರ್ಚು ಬಿದ್ದದ್ದು ಜೆಸಿಬಿಗಲ್ಲ, ಈ ಕಸಕ್ಕೆ.

ಸೀಗೀ ಹುಣ್ಣಿಮೆಯ ಹೊತ್ತಿಗೆ ಕುಳಿತು ನೋಡಿದಾಗ ನಮ್ಮವೇ ಆದ ಗಿಡಗಳು ಮೂರು ಕಡೆ ಮಾತ್ರ ಇದ್ದವು: ಮೇಲ್ಮಣ್ಣಿನ ಪಟ್ಟೆಗಳಲ್ಲಿ, ಸೀಳಿದ ಗೆರೆಯ ಒಳಗೆ, ದೊಡ್ಡ ಕಲ್ಲುಗಳ ಪೂರ್ವದ ಮಗ್ಗುಲಲ್ಲಿ. ಮೂರೂ ಗಾಳಿಯ ಮರೆ. ಬಂದ ಹುಲ್ಲಿನಲ್ಲಿ ಹೆಚ್ಚಿನದು ಅರಿಸ್ಟಿಡಾ, ಬೀಜಕ್ಕೆ ಮೂರು ಮೀಸೆ ಇರುವ, ದನಗಳು ಬೇರೇನೂ ಇಲ್ಲದಾಗ ಮಾತ್ರ ಬಾಯಿ ಹಾಕುವ ಒಣಕಲು ಹುಲ್ಲು. ಅದನ್ನು ಕಂಡು ಮೊದಲು ಬೇಸರವಾಯಿತು. ಈಗ ಹಾಗನ್ನಿಸುವುದಿಲ್ಲ. ಭಾರತದ ಹುಲ್ಲುಗಾವಲುಗಳನ್ನು ವಿಜ್ಞಾನಿಗಳು ಐದು ಬಗೆಯಾಗಿ ವಿಂಗಡಿಸಿದಾಗ ದಖ್ಖನ್ನಿನ ಬಗೆಗೆ ಎರಡು ಹುಲ್ಲುಗಳ ಹೆಸರು ಸೇರಿಸಿ ಕೊಟ್ಟ ಹೆಸರು ಸೆಹಿಮಾ–ಡೈಕ್ಯಾಂಥಿಯಮ್. ಈ ಬಗೆಯ ನೆಲ ಕೆಡುವಾಗ ಮೇಲುದರ್ಜೆಯ ಸೆಹಿಮಾ ಮೊದಲು ಹೋಗುತ್ತದೆ, ಸೂಜಿಹುಲ್ಲು ಉಳಿಯುತ್ತದೆ. ಇನ್ನೂ ಕೆಟ್ಟರೆ ಅರಿಸ್ಟಿಡಾ ಉಳಿಯುತ್ತದೆ. ಹತ್ತುವಾಗಲೂ ಇದೇ ಮೆಟ್ಟಿಲು. ಅರಿಸ್ಟಿಡಾ ಬಂತೆಂದರೆ ಕಾಲು ಮೊದಲ ಮೆಟ್ಟಿಲ ಮೇಲಿದೆ ಎಂದಾಯಿತು.

ನವೆಂಬರ್–ಡಿಸೆಂಬರ್ 2022: ಬೀಜ ಕೀಳುವುದು

ಮುಟ್ಟದೆ ಉಳಿದ ಇಳಿಜಾರೇ ನಮ್ಮ ಬೀಜದ ಅಂಗಡಿ. ದೀಪಾವಳಿ ಕಳೆದ ಮೇಲೆ ಪ್ರತಿ ಭಾನುವಾರ ಮನೆಮಂದಿಯೆಲ್ಲ ಅಲ್ಲಿಗೆ ಹೋದೆವು. ಯಾವ ಬುಡದಿಂದಲೂ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು ಎಂದು ಮೊದಲೇ ಮಾತಾಗಿತ್ತು.

ಸೂಜಿಹುಲ್ಲನ್ನು, ಸಸ್ಯಶಾಸ್ತ್ರದವರು ಹೆಟೆರೊಪೋಗನ್ ಕಂಟಾರ್ಟಸ್ ಎನ್ನುವುದನ್ನು, ಹತ್ತಿರದಿಂದ ನೋಡಿದವರಿಗೆ ಅದರ ಬೀಜ ಮರೆಯುವುದಿಲ್ಲ. ತುದಿ ಮುಳ್ಳಿನಷ್ಟು ಚೂಪು. ಅದರ ಮೇಲೆ ಹಿಮ್ಮುಖವಾಗಿ ನಿಂತ ಕಂದು ರೋಮ, ಒಳಗೆ ಹೋದದ್ದು ಹೊರಗೆ ಬರಬಾರದು ಎಂಬಂತೆ. ಹಿಂದೆ ಬೆರಳುದ್ದದ ಕಪ್ಪು ಬಾಲ, ನಡುವೆ ಮೊಣಕಾಲಿನಂತೆ ಬಾಗಿದ್ದು. ಬೀಜ ಪಕ್ವವಾದಾಗ ಹತ್ತಾರು ತೆನೆಗಳ ಬಾಲಗಳು ಒಂದಕ್ಕೊಂದು ಹೆಣೆದುಕೊಂಡು ಹುಲ್ಲಿನ ನೆತ್ತಿಯ ಮೇಲೆ ಜಡೆಯಾಗುತ್ತವೆ. ಆ ಜಡೆಯನ್ನು ಹಿಡಿದು ಮೆಲ್ಲಗೆ ಎಳೆದರೆ ಹಿಡಿ ಬೀಜ ಒಮ್ಮೆಗೇ ಕೈಗೆ ಬರುತ್ತದೆ. ಒಂದನ್ನು ಮಗಳ ಅಂಗೈಯಲ್ಲಿಟ್ಟು ಒಂದು ಹನಿ ನೀರು ಹಾಕಿದೆ. ಬಾಲ ನಿಧಾನವಾಗಿ ಹುರಿ ಬಿಚ್ಚುತ್ತ ತಿರುಗತೊಡಗಿತು. ಬೀಜ ಅಂಗೈಯಲ್ಲಿ ಗಿರಕಿ ಹೊಡೆಯಿತು. ಒಣಗಿದಾಗ ಮತ್ತೆ ಹುರಿಗೊಳ್ಳುತ್ತದೆ. ರಾತ್ರಿಯ ಇಬ್ಬನಿಗೆ ಬಿಚ್ಚಿ, ಹಗಲ ಬಿಸಿಲಿಗೆ ಹುರಿಗೊಂಡು, ಹೀಗೆ ತಿರುಗಿ ತಿರುಗಿಯೇ ಅದು ತನ್ನನ್ನು ತಾನು ನೆಲಕ್ಕೆ ತಿರುಪುತ್ತದೆ. ಆದರೆ ಅದಕ್ಕೆ ನೆಲದಲ್ಲಿ ಬಿರುಕು ಬೇಕು. ರೋಲರ್ ಹೊಡೆದ ನೆಲದ ಮೇಲೆ ಅದು ತಿರುಗಿ ತಿರುಗಿ ಅಲ್ಲೇ ಬಿದ್ದಿರುತ್ತದೆ.

ಕುರಿಯವರಿಗೆ ಈ ಬೀಜ ಕಂಡರಾಗದು. ಉಣ್ಣೆ ದಾಟಿ ಚರ್ಮಕ್ಕೆ ಚುಚ್ಚಿ ಗಾಯ ಮಾಡುತ್ತದೆ. ನಮ್ಮ ಮಡ್ಡಿಗೆ ಪ್ರತಿ ವರ್ಷ ಬರುವ ಕುರಿಗಾಹಿ ಅಜ್ಜ, ಬೀಜ ಬಲಿತ ಆ ಎರಡು ತಿಂಗಳು ತಮ್ಮ ಹಿಂಡನ್ನು ಎರೆಯ ಕಡೆ ಇಳಿಸಿಬಿಡುತ್ತಾರೆ. ನಮ್ಮ ಬೀಜ ಕೀಳುವ ಕೆಲಸ ನೋಡಿ ನಿಂತರು.

“ತಮ್ಮಾ, ಇದನ್ನು ಈಗಲೇ ಬಿತ್ತುತ್ತೀಯಾ?”

“ಇಲ್ಲ ಅಜ್ಜಾ, ಮುಂದಿನ ಮಳೆಗೆ.”

“ಒಳ್ಳೆಯದು. ಹೊಸ ಬೀಜ ಹುಟ್ಟುವುದಿಲ್ಲ. ಒಂದು ಬೇಸಿಗೆ ಅದಕ್ಕೆ ತಾಗಬೇಕು.”

ಅವರ ಮಾತನ್ನು ಮನೆಯಲ್ಲಿ ಪರೀಕ್ಷಿಸಿದೆ. ಡಿಸೆಂಬರ್‌ನಲ್ಲಿ ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ: ಎರಡು ವಾರದಲ್ಲಿ ಮೊಳೆತದ್ದು 6. ಅದೇ ಚೀಲದ ಬೀಜ, ಅಟ್ಟದ ಮೇಲೆ ಬೇಸಿಗೆ ಕಳೆದ ಮೇಲೆ, ಜೂನ್‌ನಲ್ಲಿ: 43. ಗೋಣಿಚೀಲದಲ್ಲಿ, ಗಾಳಿ ಆಡುವ ಹಾಗೆ, ಹೆಂಚಿನ ಕೆಳಗೆ ಇಟ್ಟಿದ್ದೆವು. ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದ ಸ್ವಲ್ಪ ಸೆಹಿಮಾ ಬೂಸ್ಟು ಹಿಡಿದು ಹಾಳಾಯಿತು.

2023: ಬರ

ಆ ವರ್ಷದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ ಅದು. ಆಗಸ್ಟ್‌ನಲ್ಲಿ ಮೋಡವೇ ಕಾಣಲಿಲ್ಲ.

ಜೂನ್‌ನಲ್ಲಿ ಕುರಿಗಾಹಿ ಅಜ್ಜ ಹೇಳಿದ್ದರು: “ಈ ಮಳೆಯನ್ನು ನಂಬಬೇಡ ತಮ್ಮಾ. ಅರ್ಧ ಚೆಲ್ಲು, ಅರ್ಧ ಅಟ್ಟದ ಮೇಲಿರಲಿ.” ಹಾಗೆಯೇ ಮಾಡಿದೆ. ಅದೊಂದು ಮಾತು ಕೇಳದಿದ್ದರೆ ಈ ಬರಹ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ತಗ್ಗಿನ ಕಡೆ ನೆಟ್ಟಿದ್ದ ಡೈಕ್ಯಾಂಥಿಯಮ್ ಬೇರುಸಸಿಗಳು, ಸುಮಾರು 600, ಬಹುಪಾಲು ಒಣಗಿದವು. ಬಿತ್ತಿದ ಬೀಜದಲ್ಲಿ ಮೊಳೆತಷ್ಟೂ ಸುಟ್ಟುಹೋಯಿತು.

ಮಳೆ ಇಲ್ಲದ ವರ್ಷವನ್ನು ಕಲ್ಲಿನ ಕೆಲಸಕ್ಕೆ ಬಳಸಿದೆವು. ಜಾಗದ ತುಂಬ ಬಿದ್ದಿದ್ದ ಕಬ್ಬಿಣದ ಬಣ್ಣದ ಕಲ್ಲುಗಳನ್ನು ಹೆಕ್ಕಿ, ಸೀಳಿದ ಗೆರೆಗಳ ಗುಂಟ ಮೊಣಕಾಲೆತ್ತರದ ಹನ್ನೊಂದು ಸಾಲು ಕಟ್ಟಿದೆವು. ಗಾರೆ ಇಲ್ಲ, ಬರೀ ಜೋಡಣೆ. ನೀರು ಸೋಸಿ ಹೋಗಬೇಕು, ಮಣ್ಣು ನಿಲ್ಲಬೇಕು, ಪೂರ್ವದ ಮಗ್ಗುಲಿಗೆ ಗಾಳಿಯ ಮರೆ ಸಿಗಬೇಕು. ತಾತ್ಕಾಲಿಕ ದಾರಿ ಇಳಿಯುವ ಕಡೆ ಕೇಬಲ್ ಹೂಳಿದ್ದ ಮಣ್ಣು ಕುಸಿದು ಕೊರಕಲು ಬಿದ್ದಿತ್ತು. ಅದಕ್ಕೆ ನಾಲ್ಕು ಕಡೆ ಅಡ್ಡ ಕಲ್ಲು ಕೊಟ್ಟೆವು. ಸುತ್ತಲೂ ಬಳ್ಳಾರಿ ಜಾಲಿ ಕಡಿದು ಮುಳ್ಳಿನ ಬೇಲಿ ಹಾಕಿದೆವು.

ಬರದ ವರ್ಷವೇ ಊರಿನ ಹಿತೈಷಿಯೊಬ್ಬರು 400 ಸಸಿ ಕೊಡಿಸುತ್ತೇನೆಂದು ಬಂದರು. ಹೊಂಗೆ, ಅಕೇಶಿಯಾ. ಒಳ್ಳೆಯ ಮನಸ್ಸಿನಿಂದಲೇ ಬಂದವರು. ಬೇಡವೆಂದೆ, ಅವರಿಗೆ ನೋವಾಯಿತು. ಹುಲ್ಲಿನ ನೆಲವನ್ನು ಬೋಳು ಎಂದು ನೋಡುವ ಕಣ್ಣು ನಮ್ಮಲ್ಲಿ ಬಹಳ ಹಳೆಯದು. ಸರ್ಕಾರಿ ಲೆಕ್ಕದಲ್ಲೂ ಇಂಥ ಎಷ್ಟೋ ಕುರುಚಲು ಹುಲ್ಲುನೆಲ ಬಂಜರು ಎಂದೇ ದಾಖಲಾಗಿದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಬಹುಭಾಗ ನೀಲಗಿರಿ ತೋಪಾಗಿ ನಿಂತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜಿಂಕೆಗೂ ಎರೆಭೂತ ಎಂಬ ದೊಡ್ಡ ಹಕ್ಕಿಗೂ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ ಬಯಲು. ಮರದ ಸಾಲಿನ ನಡುವೆ ಅವಕ್ಕೆ ಅದು ಸಿಗುವುದಿಲ್ಲ. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಕಟ್ಟಿದಾಗ, ಟಿಪ್ಪು ಅದನ್ನು ಅಮೃತ ಮಹಲ್ ಎಂದು ಕರೆದಾಗ, ಕಾವಲು ಎಂಬ ಮೇವಿನ ಬಯಲುಗಳನ್ನು ಹುಲ್ಲಿಗಾಗಿಯೇ ಕಾದಿಟ್ಟರು. ಹುಲ್ಲಿಗೆ ಬೆಲೆ ಇದ್ದ ನಾಡು ಇದು. ನಮ್ಮ ಮಡ್ಡಿಯಲ್ಲಿ ಮೊದಲೂ ಮರ ಇರಲಿಲ್ಲ. ಅಲ್ಲಲ್ಲಿ ಬಂದರಿಕೆ, ತಂಗಡಿ, ಕಾರೆ, ಕವಳಿ ಪೊದೆಗಳಿದ್ದವು. ಅವನ್ನು ಕಲ್ಲಿನ ಸಾಲುಗಳ ಪಕ್ಕ ಬೀಜದಿಂದಲೇ ಎಬ್ಬಿಸಿದ್ದೇವೆ.

ಮಾರ್ಚ್ 2024: ಕುರಿ ತರುಬಿದ್ದು

ಗೊಬ್ಬರಕ್ಕಾಗಿ ಎರೆಯ ಹೊಲದಲ್ಲಿ ಕುರಿ ತರುಬುವುದು, ಅಂದರೆ ರಾತ್ರಿ ಹಿಂಡನ್ನು ಅಲ್ಲೇ ಕೂಡಿಹಾಕುವುದು, ನಮ್ಮ ಕಡೆ ರೂಢಿ. ಮಡ್ಡಿಯಲ್ಲಿ ಯಾರೂ ಮಾಡುವುದಿಲ್ಲ. ಅಜ್ಜನನ್ನು ಕೇಳಿದೆ. ಅವರು ತಕ್ಷಣ ಒಪ್ಪಲಿಲ್ಲ. ಕಾರಣ ಕೇಳಿ ನಾನೇ ದಂಗಾದೆ. ಬೇಸಿಗೆಯಲ್ಲಿ ಹಿಂಡು ಹಳ್ಳದ ಬದಿಯ ಬಳ್ಳಾರಿ ಜಾಲಿಯ ಕಾಯಿ ತಿನ್ನುತ್ತದೆ. ಆ ಬೀಜ ಹೊಟ್ಟೆಯಲ್ಲಿ ಕರಗದೆ ಹಿಕ್ಕೆಯಲ್ಲಿ ಬೀಳುತ್ತದೆ, ಗೊಬ್ಬರದ ಜೊತೆಗೇ ಮೊಳೆಯುತ್ತದೆ. “ನಾಲ್ಕು ದಿನ ಬರೀ ಗುಡ್ಡದ ಹುಲ್ಲು ಮೇಯಿಸಿ, ಹೊಟ್ಟೆ ಖಾಲಿಯಾದ ಮೇಲೆ ತರುತ್ತೇನೆ” ಎಂದರು. ಹಾಗೆಯೇ ತಂದರು. 180 ಕುರಿ, ಆರು ರಾತ್ರಿ. ದಿನಾ ಸಂಜೆ ದಡ್ಡಿಯನ್ನು ಹೊಸ ಜಾಗಕ್ಕೆ ಸರಿಸುತ್ತಿದ್ದರು. ಗೊರಸು ಹೆಪ್ಪುಗಟ್ಟಿದ ಮೇಲ್ಪದರವನ್ನು ಪುಡಿಮಾಡಿತು, ಹಿಕ್ಕೆ ಮೂತ್ರ ಸೇರಿತು. ಆದರೂ ಆ ಮಳೆಗಾಲ ಹದಿನೇಳು ಜಾಲಿ ಸಸಿ ಕಿತ್ತೆವು. ಬೆರಳುದ್ದ ಇರುವಾಗ ಅದು ಎರಡು ಬೆರಳಿಗೆ ಬರುತ್ತದೆ. ವರ್ಷ ಬಿಟ್ಟರೆ ಹಾರೆ ಬೇಕು.

ಜೂನ್ 2024: ಮೂರನೆಯ ಬಿತ್ತನೆ

ಈ ಸಲ ಗಾಳಿಗೆ, ಇರುವೆಗೆ ಉತ್ತರ ಸಿದ್ಧವಿತ್ತು. ಸೆಹಿಮಾ, ಕ್ರೈಸೊಪೋಗನ್ ಎಂಬ ಇನ್ನೊಂದು ಹುಲ್ಲು, ಕೊಗ್ಗಿ ಇತ್ಯಾದಿಗಳ ಬೀಜಗಳನ್ನು ಮೂರು ಪಾಲು ಕೆಂಪು ಮಣ್ಣು, ಒಂದು ಪಾಲು ಪುಡಿ ಸಗಣಿಯ ಜೊತೆ ಕಲಸಿ ಗಜ್ಜುಗದ ಗಾತ್ರದ ಉಂಡೆ ಮಾಡಿ ನೆರಳಿನಲ್ಲಿ ಒಣಗಿಸಿದೆವು. ದೊಡ್ಡ ಉಂಡೆ ಮಾಡಬಾರದು. ಒಂದೇ ಕಡೆ ಹತ್ತು ಸಸಿ ಎದ್ದು ಒಂದನ್ನೊಂದು ಕೊಲ್ಲುತ್ತವೆ. ಸೂಜಿಹುಲ್ಲನ್ನು ಉಂಡೆ ಮಾಡಲಿಲ್ಲ, ಅದರ ಬಾಲವೇ ಅದರ ಕೂರಿಗೆ. ಜಡೆಗಳನ್ನು ಹಾಗೆಯೇ ಗೆರೆಯೊಳಗೆ ಹಿಡಿ ಹಿಡಿಯಾಗಿ ಇಟ್ಟು, ಮೇಲೊಂದು ಕಲ್ಲು ಇಟ್ಟೆವು. ಹೊದಿಕೆಗೆ ಹುಲ್ಲಿನ ಬದಲು ಬಂದರಿಕೆಯ ಕೊಂಬೆ, ಅದರ ಮೇಲೆ ಜಾಲಿ ಮುಳ್ಳು. ಗಾಳಿ ಅದನ್ನು ಅಲುಗಿಸಲೂ ಆಗಲಿಲ್ಲ.

ಬಿತ್ತಿದ್ದು ಮೃಗಶಿರದಲ್ಲಿ, ನೆಲ ಒಂದು ಗೇಣು ನೆನೆದಿದೆ ಎಂದು ಸರಳಿನಿಂದ ನೋಡಿಕೊಂಡ ಮೇಲೆ. ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಕೊಂಬೆಗಳ ಕೆಳಗೆ ಹಸಿರು ಕೂದಲು. ಈ ಸಲ ಬಿತ್ತದೆ ಬಿಟ್ಟಿದ್ದ ಪಟ್ಟಿಯಲ್ಲೂ ಸಸಿಗಳು ಕಂಡವು. 2023ರಲ್ಲಿ ಸತ್ತವೆಂದು ಕೈಬಿಟ್ಟಿದ್ದ ಬೀಜಗಳಲ್ಲಿ ಒಂದಷ್ಟು ನೆಲದೊಳಗೆ ಕಾದು ಕುಳಿತಿದ್ದವು. ನಾನು ಮಂಡಿಯೂರಿ ಕೂತು ಎಷ್ಟು ಹೊತ್ತು ನೋಡಿದೆನೋ, ಅವ್ವ ಊಟಕ್ಕೆ ಕೂಗಿದ್ದು ಕೇಳಲಿಲ್ಲ.

ಕಾಂಗ್ರೆಸ್ ಕಸ ಆ ವರ್ಷವೂ ಬಂತು. ಕೀಳಲು 9 ಆಳು ಸಾಕಾಯಿತು. ಹುಲ್ಲು ನೆಲ ಹಿಡಿದಷ್ಟೂ ಅದಕ್ಕೆ ಜಾಗ ಕಡಿಮೆ. ಗೆದ್ದಲು ಕೊಂಬೆಗಳನ್ನು ತಿಂದು ಮುಗಿಸಿತು. ನಾವು ತಡೆಯಲಿಲ್ಲ, ಅವುಗಳ ಸುರಂಗಗಳಲ್ಲಿ ನೀರು ಇಳಿಯುತ್ತದೆ.

ಮೇಯಲು ಬಿಡಲಿಲ್ಲ. ಹುಲ್ಲು ಬೀಜ ಉದುರಿಸಿದ ಮೇಲೆ, ಡಿಸೆಂಬರ್‌ನಲ್ಲಿ, ಕುಡಗೋಲಿನಿಂದ ಗೇಣು ಬಿಟ್ಟು ಕೊಯ್ದು ಹೊತ್ತು ತಂದೆವು. ಜನವರಿಯಲ್ಲಿ ಸುತ್ತ ಎಂಟು ಅಡಿ ಅಗಲ ಬೆಂಕಿ ಪಟ್ಟಿ ಕೆತ್ತಿದೆವು. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳುವುದು ನಮ್ಮಲ್ಲಿ ಹೊಸದಲ್ಲ.

ಅಕ್ಟೋಬರ್ 2025: ಮತ್ತೆ ಸರಳು, ಡಬ್ಬಿ

ಈ ವರ್ಷ ಮುಂಗಾರು ಮೇ ಕೊನೆಯಲ್ಲೇ ಬಂತು. ಹುಲ್ಲು ಸೊಂಟದೆತ್ತರ. ಒಂದು ಮೀಟರ್ ಚೌಕದ ತಂತಿಯನ್ನು ಕಣ್ಣುಮುಚ್ಚಿ ಎಸೆದು, ಬಿದ್ದಲ್ಲಿ ಒಳಗಿರುವ ಬುಡಗಳನ್ನು ಎಣಿಸಿದೆವು. ಇಪ್ಪತ್ತು ಸಲ ಇಲ್ಲಿ, ಇಪ್ಪತ್ತು ಸಲ ಮುಟ್ಟದ ಇಳಿಜಾರಿನಲ್ಲಿ. ಬಹುವಾರ್ಷಿಕ ಹುಲ್ಲಿನ ಬುಡ ಇಲ್ಲಿ ಸರಾಸರಿ 7, ಅಲ್ಲಿ 15. ಇಲ್ಲಿನ ಏಳರಲ್ಲಿ ಸೂಜಿಹುಲ್ಲೇ ಹೆಚ್ಚು. ಸೆಹಿಮಾ ಮೇಲ್ಮಣ್ಣಿನ ಪಟ್ಟೆಗಳಲ್ಲಿ ಮಾತ್ರ ಗಟ್ಟಿಯಾಗಿ ನಿಂತಿದೆ. ಡಬ್ಬಿಯ ನೀರು ಗೆರೆಯಲ್ಲಿ 9 ನಿಮಿಷ, ಗೆರೆಗಳ ನಡುವೆ 24. ಗೌಜಲ ಹಕ್ಕಿಯ ಜೋಡಿಯೊಂದು ಏಳನೆಯ ಕಲ್ಲಿನ ಸಾಲಿನ ಬಳಿ ಮರಿ ಮಾಡಿತ್ತು.

ಈಗ ಜಾಗ ಕೊಡಲು ಒಪ್ಪಂದಕ್ಕೆ ಸಹಿ ಹಾಕುತ್ತಿರುವವರು ದಯವಿಟ್ಟು ಒಂದು ಸಾಲನ್ನು ಕಾಗದದಲ್ಲಿ ಬರೆಸಿಕೊಳ್ಳಿ: ಕೆಲಸ ಶುರುಮಾಡುವ ಮೊದಲು ಮೇಲಿನ ಒಂದು ಗೇಣು ಮಣ್ಣನ್ನು ಕೆರೆದು ಬೇರೆಯಾಗಿ, ಎದೆಮಟ್ಟಕ್ಕಿಂತ ಎತ್ತರವಾಗದಂತೆ ಗುಡ್ಡೆ ಹಾಕಬೇಕು, ಕೆಲಸ ಮುಗಿದ ಕೂಡಲೇ ಅದನ್ನೇ ಮರಳಿ ಹೊದಿಸಬೇಕು. ಎತ್ತರದ ಗುಡ್ಡೆಯ ಒಳಗೆ, ವರ್ಷಗಟ್ಟಲೆ ಬಿದ್ದರೆ, ಬೀಜವೂ ಜೀವವೂ ಸಾಯುತ್ತವೆ. ಜೆಸಿಬಿ ಅಲ್ಲಿಯೇ ನಿಂತಿರುವಾಗ ಇದು ಒಂದೆರಡು ದಿನದ ಕೆಲಸ. ಆ ಮಣ್ಣು ಪೂರ್ತಿ ಸಿಕ್ಕಿದ್ದರೆ ನಾವು ಒಂಬತ್ತು ಡಬ್ಬಿ ಇಟ್ಟು ಹುಡುಕಬೇಕಿರಲಿಲ್ಲ, 43 ಆಳು ಕಸ ಕೀಳಬೇಕಿರಲಿಲ್ಲ. ಇನ್ನೊಂದು ಸಾಲು: ಕಾಂಕ್ರೀಟ್ ಲಾರಿ ತೊಳೆಯುವ ಜಾಗವನ್ನು ಮೊದಲೇ ಗೊತ್ತುಮಾಡಬೇಕು.

ಇದನ್ನು ಯಾಕೆ ಹೇಳುತ್ತೇನೆಂದರೆ, ವಾಯವ್ಯ ಮೂಲೆಯಲ್ಲಿ ಸುಮಾರು ಒಂದು ಗುಂಟೆ ಇನ್ನೂ ಬೋಳಾಗಿದೆ. ಸಿಮೆಂಟ್ ತೊಳೆದ ನೀರನ್ನು ಅಲ್ಲಿ ಸುರಿದಿದ್ದರು. ಕೆರೆದರೆ ಬೂದು ಬಣ್ಣದ ಹೆಕ್ಕಳೆ ಏಳುತ್ತದೆ. ಮೂರು ಸಲ ಬಿತ್ತಿದೆವು, ಒಂದು ಎಸಳೂ ಬರಲಿಲ್ಲ. ಬರುವ ಬೇಸಿಗೆಯಲ್ಲಿ ಅದನ್ನು ಒಂದೂವರೆ ಅಡಿ ಅಗೆದು ತೆಗೆದು, ಮನೆ ಹಿಂದಿನ ಹೊಸ ಬಾವಿಯ ಕೆಲಸಕ್ಕೆಂದು ಮಡ್ಡಿಯಿಂದ ಕೆರೆದಿಟ್ಟ ಮಣ್ಣನ್ನು ತುಂಬಬೇಕು. ಸೂಜಿಹುಲ್ಲು ಜಡೆ ಹೆಣೆಯತೊಡಗಿದೆ. ದೀಪಾವಳಿಯ ಹಟ್ಟಿಹಬ್ಬ ಕಳೆದ ಮೊದಲ ಭಾನುವಾರ ಆ ಗುಂಟೆಗೆ ಬೇಕಾದ ಒಂದು ಚೀಲ ಬೀಜ ಕೀಳುತ್ತೇವೆ. ಈ ಸಲ ಹೊಸ ಜಾಗದಿಂದಲೇ.